ಅವ್ವನ ಜೀಪಿಗೊಂದು ಪಾವಟಿಗೆ

ಪುಣೆಯ ಹತ್ತಿರ ದೇಹೂ ರೋಡಿನಲ್ಲಿ ಹಳೆಯ ಜೀಪು ಮಾರುವ ಆ ತಗಡಿನ ಶೆಡ್ಡಿನ ಮಾಲೀಕ ಕೇಳಿದ ಮೊದಲ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು, ಆದರೆ ಹೇಳುವ ಹಾಗಿರಲಿಲ್ಲ. "ಕಶಾಸಾಠಿ ಪಾಹಿಜೆ ಜೀಪ್?" ಅಂದ. ಜೀಪು ಯಾತಕ್ಕೆ ಬೇಕು? ಹೊಲಕ್ಕೋ, ಕಲ್ಲಿನ ಕ್ವಾರಿಗೋ, ಮದುವೆ ಮೆರವಣಿಗೆಗೋ? ಬಂದವರ ಕೆಲಸ ತಿಳಿದುಕೊಂಡು ಅದಕ್ಕೆ ತಕ್ಕ ಗಾಡಿ ತೋರಿಸುವುದು ಅವನ ಪದ್ಧತಿ. ಅಣ್ಣ ನನ್ನ ಮುಖ ನೋಡಿದ, ನಾನು ಅಣ್ಣನ ಮುಖ ನೋಡಿದೆ. ನಮ್ಮ ತಾಯಿ ಮಳೆಗಾಲದಲ್ಲಿ ತೀರಿಕೊಂಡರೆ ಆಕೆಯನ್ನು ಬಿಜಾಪುರದಾಚೆಯ ಎರೆಹೊಲಕ್ಕೆ ಒಯ್ಯಲು ಬೇಕು ಅಂತ, ಆಕೆ ಮನೆಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿರುವಾಗ, ಯಾವ ಬಾಯಿಂದ ಹೇಳುವುದು? "ಆಈಸಾಠಿ" ಅಂದೆ. ತಾಯಿಗಾಗಿ. ಅಷ್ಟರ ಮಟ್ಟಿಗೆ ಅದು ಸುಳ್ಳಲ್ಲ.

ಆತನಿಗೆ ಅದು ಸರಿಬರಲಿಲ್ಲ. ವಯಸ್ಸಾದವರ ಬೆನ್ನು ಈ ಗಾಡಿಯಲ್ಲಿ ಉಳಿಯುವುದಿಲ್ಲ, ಇದೇ ದುಡ್ಡಿಗೆ ಮೆತ್ತನೆಯ ಸೀಟಿನ ಹಳೆಯ ಕಾರು ಹುಡುಕಿಕೊಡುತ್ತೇನೆ ಅಂತ ನಮಗೇ ಬುದ್ಧಿ ಹೇಳಿದ. ಮಾರುವವನೇ ಬೇಡ ಅನ್ನುವುದನ್ನು ಮಾರ್ಕೆಟ್ ಯಾರ್ಡಿನಲ್ಲಿ ಬೆಳೆದ ನಾನು ಎಂದೂ ಕಂಡಿರಲಿಲ್ಲ. ಅಣ್ಣ ಮಾತ್ರ ಬಗ್ಗಲಿಲ್ಲ. ನಾಲ್ಕೂ ಗಾಲಿ ಎಳೆಯುವ ಗಾಡಿಯೇ ಆಗಬೇಕು, ಅದರಲ್ಲಿ ಅಗ್ಗದ್ದು ಯಾವುದಿದೆಯೋ ಅದನ್ನು ತೋರಿಸು ಅಂದ.

ಹೀಗೆ ಹಟ ಹಿಡಿಯಲು ಕಾರಣವಿತ್ತು. ನಾವು ಲಿಂಗಾಯತರು. ನಮ್ಮಲ್ಲಿ ಸುಡುವುದಿಲ್ಲ. ತೀರಿಕೊಂಡವರನ್ನು ಚಕ್ಕಳಮಕ್ಕಳ ಹಾಕಿ ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಕೂತ ಹಾಗೆಯೇ ಮಣ್ಣಿಗೆ ಕೊಡುತ್ತೇವೆ. ಹೊಲ ಇದ್ದವರು ತಮ್ಮ ಹೊಲದಲ್ಲೇ, ಹಿರಿಯರ ಪಕ್ಕದಲ್ಲಿ ಜಾಗ ಮಾಡುತ್ತಾರೆ. ಅದರ ಮೇಲೆ ಕಟ್ಟುವ ಕಲ್ಲಿನ ಕಟ್ಟೆಗೆ ಗದ್ದುಗೆ ಅನ್ನುತ್ತೇವೆ. ಪುಣೆಗೆ ಬಂದು ತಲೆಮಾರು ಕಳೆದರೂ ನಮ್ಮ ಮನೆಯಲ್ಲಿ ಯಾರಿಗೂ ಪುಣೆಯ ಮಣ್ಣಿನಲ್ಲಿ ಮಲಗುವ, ಅಲ್ಲ, ಕೂರುವ ಯೋಚನೆ ಬಂದಿರಲಿಲ್ಲ. ಡೋಣಿ ಹೊಳೆಯ ದಂಡೆಯ ಊರಿನಲ್ಲಿ ನಮ್ಮದೊಂದು ಎರೆಹೊಲವಿದೆ. ದೊಡ್ಡಪ್ಪನ ಮಗ ಅದನ್ನು ಮಾಡಿಕೊಂಡಿದ್ದಾನೆ. ಅಲ್ಲಿ ಅಜ್ಜ, ಅಜ್ಜಿ ಇದ್ದಾರೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಶ್ರಾವಣದಲ್ಲಿ ನಮ್ಮ ಅಪ್ಪನೂ ಅಲ್ಲಿಗೆ ಹೋದ.

ಹೋದ ಅನ್ನುವುದು ಒಂದು ಮಾತಿನಲ್ಲಿ ಮುಗಿಯುತ್ತದೆ. ಆ ದಿನ ಮುಗಿಯಲಿಲ್ಲ. ಅಪ್ಪ ಮಾರ್ಕೆಟ್ ಯಾರ್ಡಿನ ಭುಸಾರ ಬಜಾರಿನಲ್ಲಿ, ಅಂದರೆ ಕಾಳುಕಡಿಯ ಸಗಟು ಪೇಟೆಯಲ್ಲಿ, ಒಬ್ಬ ಸಾಹುಕಾರರ ಅಂಗಡಿಯ ಗುಮಾಸ್ತನಾಗಿದ್ದ. ಅವನು ತೀರಿಕೊಂಡಾಗ ಆ ಅಂಗಡಿಯವರೇ ಮೆಣಸಿನಕಾಯಿ ತರುವ ಒಂದು ಟ್ರಕ್ಕನ್ನು ಖಾಲಿ ಮಾಡಿಸಿ ಕೊಟ್ಟರು. ಅಪ್ಪನನ್ನು ಕೂಡಿಸಿ, ಬೀಳದಂತೆ ಹಲಗೆಗೆ ಆನಿಸಿ ಕಟ್ಟಿ, ಪಕ್ಕದಲ್ಲಿ ಅವ್ವ ಕೂತು, ಅಷ್ಟು ದೂರ ಹೋದೆವು. ಟ್ರಕ್ಕಿನೊಳಗೆ ಮೆಣಸಿನಕಾಯಿಯ ಘಾಟು ಉಳಿದಿತ್ತು. ನಾವು ಅಳುತ್ತಿದ್ದೆವೋ, ಘಾಟಿಗೆ ಕಣ್ಣು ಸುರಿಯುತ್ತಿತ್ತೋ, ಹೇಳುವುದು ಕಷ್ಟ.

ಊರಿನ ಹೊರಗೆ ಡಾಂಬರು ಮುಗಿದು ಹೊಲದ ಹಾದಿ ಶುರುವಾಗುವಲ್ಲಿ ಟ್ರಕ್ಕು ಹೂತುಹೋಯಿತು. ಎರೆಮಣ್ಣು ಗೊತ್ತಿಲ್ಲದವರಿಗೆ ಇದು ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಬಿರಿಯುವ ಆ ಮಣ್ಣು ಮಳೆ ಬಿದ್ದರೆ ಕಲಸಿದ ಹಿಟ್ಟು. ಹಿಂದೆ ಸರಿಯಲಿಲ್ಲ, ಮುಂದೆ ಹೋಗಲಿಲ್ಲ. ಎತ್ತು ಹೂಡಿದರು, ಹಗ್ಗ ಹರಿಯಿತು. ಮಳೆ ನಿಲ್ಲಲಿಲ್ಲ. ಬೆಳಗಿನಿಂದ ಹೊತ್ತು ಇಳಿಯುವ ತನಕ ಅಪ್ಪ ಆ ಹಾದಿಯಲ್ಲಿ, ತಾಡಪತ್ರಿಯ ಹೊದಿಕೆಯ ಕೆಳಗೆ, ಯಾರಿಗೋ ಕಾಯುವವನ ಹಾಗೆ ಕೂತಿದ್ದ. ಅವ್ವ ತನ್ನ ಸೆರಗಿನಿಂದ ಅವನ ಮುಖದ ಮೇಲಿನ ನೀರು ಒರೆಸುತ್ತಿದ್ದಳು. ಕೊನೆಗೆ ಊರವರು ಮೊಣಕಾಲು ತನಕ ಹೂತುಹೋಗುತ್ತ ಹೆಗಲ ಮೇಲೆ ಹೊತ್ತು ಒಯ್ದರು. ನಡುದಾರಿಯಲ್ಲಿ ಒಮ್ಮೆ ವಾಲಿತು. ಅದನ್ನು ಬರೆಯುವ ಧೈರ್ಯ ನನಗೆ ಇಂದಿಗೂ ಇಲ್ಲ.

ತಿರುಗಿ ಬರುವಾಗ ಅವ್ವ ಒಂದೇ ಮಾತಾಡಿದಳು. "ಮಳಿಗಾಲದಾಗ ನಾ ಹೋದ್ರ, ನನ್ನ ಹಿಂಗ ಹಾದ್ಯಾಗ ಕುಂದ್ರಸಬ್ಯಾಡ್ರಿ."

ಇಷ್ಟೇ. ಮುಂದೆ ಆಕೆ ಅದನ್ನು ಎತ್ತಲೂ ಇಲ್ಲ. ಆದರೆ ಕೆಲವು ವರ್ಷಗಳ ನಂತರ ಆಕೆಗೆ ಮೆಟ್ಟಿಲು ಹತ್ತಿದರೆ ಉಸಿರು ಹಿಡಿಯತೊಡಗಿತು, ಪಾದಗಳು ಬಾತುಕೊಳ್ಳತೊಡಗಿದವು. ಹೃದಯ ಹಿಗ್ಗಿದೆ, ಮಳೆ ಚಳಿಯಲ್ಲಿ ಹುಷಾರಾಗಿರಬೇಕು ಅಂದರು ಡಾಕ್ಟರು. ಅಲ್ಲಿಂದ ನನಗೆ ಮೃಗಶಿರಾ ಮಳೆ ಹಿಡಿಯಿತೆಂದರೆ ಸಂಕಟ. ಲೋಣಾವಳಾದ ಕಡೆ ಮೋಡ ಕಪ್ಪಾಯಿತು ಅಂತ ಊರೆಲ್ಲ ಖುಷಿಪಡುವಾಗ ನಾನು ರಸ್ತೆಯ ಯೋಚನೆ ಮಾಡುತ್ತಿದ್ದೆ.

ಅಣ್ಣನಿಗೂ ಅದೇ ಸಂಕಟವಿದೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಾಗುವಷ್ಟು ಮಾತು ನಮ್ಮಲ್ಲಿ ಉಳಿದಿರಲಿಲ್ಲ. ಅಪ್ಪ ಹೋದ ಮೇಲೆ ನಾವು ಬೇರೆಯಾದೆವು. ಜಗಳ ಅನ್ನುವಂಥದ್ದೇನೂ ಆಗಲಿಲ್ಲ. ಜಗಳವಾಗಿದ್ದರೆ ಆಡಿ ಮುಗಿಸಬಹುದಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲಿ, ಅವನದು ಬಾಯಿ ಬಿಡದ ಜಾತಿ. ಅವನು ಸಣ್ಣದೊಂದು ಬೆಲ್ಲದ ಅಂಗಡಿ ಮಾಡಿದ. ನಾನು ಅಪ್ಪನ ಹಾಗೆಯೇ ಇನ್ನೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವವನಾದೆ. ಅವ್ವ ಬಿಬವೇವಾಡಿಯ ನನ್ನ ಮನೆಯಲ್ಲಿ ಇದ್ದಳು. ಅಣ್ಣ ಒಂದೇ ಬಜಾರಿನಲ್ಲಿ ಎದುರಾದರೆ "ಅವ್ವ ಹ್ಯಾಂಗ ಇದ್ದಾಳ?" ಅನ್ನುತ್ತಿದ್ದ. "ಅರಾಮ ಇದ್ದಾಳ" ಅನ್ನುತ್ತಿದ್ದೆ. ಅಣ್ಣತಮ್ಮಂದಿರ ಸಂಬಂಧ ಅಷ್ಟಕ್ಕೆ ಬಂದು ನಿಂತಿತ್ತು.

ಒಂದು ದಿನ ಅವನು ನಮ್ಮ ಅಂಗಡಿಯ ಕಟ್ಟೆಗೆ ಬಂದು ಕೂತ. ಮಳೆ ಜಿನುಗುತ್ತಿತ್ತು. ಹಮಾಲರು ಚೀಲಗಳ ಮೇಲೆ ತಾಡಪತ್ರಿ ಎಳೆಯುತ್ತಿದ್ದರು. ಅದನ್ನೇ ನೋಡುತ್ತ, "ದೇಹೂ ರೋಡಿನ್ಯಾಗ ಮಿಲಿಟರಿಯವರು ಲಿಲಾವು ಮಾಡಿದ್ದ ಜೀಪು ಮಾರ್ತಾರಂತ. ಫೋರ್ ವೀಲ್. ಕೆಸರಾಗ ಸಿಗೂದಿಲ್ಲಂತ" ಅಂದ. ಅವನ ಕಣ್ಣು ತಾಡಪತ್ರಿಯ ಮೇಲೇ ಇತ್ತು. "ಒಬ್ಬನ ಕೈಲೆ ಆಗೂದಿಲ್ಲ" ಅಂದ. ನಾನು ಲೆಕ್ಕದ ಪುಸ್ತಕ ಮುಚ್ಚಿ ಅವನ ಪಕ್ಕದಲ್ಲಿ ಕೂತೆ.

ಇಬ್ಬರ ದುಡ್ಡು ಕೂಡಿಸಿದರೂ ಹೊಸ ಗಾಡಿಯ ಬಾಗಿಲೂ ಬರುತ್ತಿರಲಿಲ್ಲ, ಆ ಮಾತು ಬಿಡಿ. ದೇಹೂ ರೋಡಿನ ಶೆಡ್ಡಿನಲ್ಲಿ ನಮ್ಮ ಅಳತೆಗೆ ಬಂದದ್ದು ಒಂದೇ ಒಂದು ಜೀಪು. ಸೈನ್ಯದಲ್ಲಿ ದುಡಿದು ಸೋತು, ಲಿಲಾವಿಗೆ, ಅಂದರೆ ಹರಾಜಿಗೆ, ಬಿದ್ದು, ಪೆಟ್ರೋಲ್ ಎಂಜಿನ್ ಕಳಚಿ ಎಲ್ಲಿಂದಲೋ ತಂದ ಡೀಸೆಲ್ ಎಂಜಿನ್ ಕೂರಿಸಿಕೊಂಡು ನಿಂತಿತ್ತು. ಹಸಿರು ಬಣ್ಣದ ಮೇಲೆ ಕಂದು ಬಣ್ಣ ಬಳಿದಿದ್ದರು, ಗೀರಿದಲ್ಲೆಲ್ಲ ಹಸಿರು ಇಣುಕುತ್ತಿತ್ತು. ಬಾಗಿಲುಗಳಿರಲಿಲ್ಲ, ಮೇಲೆ ಕ್ಯಾನ್ವಾಸಿನ ಹೊದಿಕೆ. ಮಾಲೀಕ ಅದನ್ನು ಹಿಂದಿನ ನಾಲೆಯ ಪಕ್ಕದ ರಾಡಿಗೆ ಇಳಿಸಿದ. ಹಿಂದಿನ ಗಾಲಿಗಳು ನಿಂತಲ್ಲೇ ತಿರುಗಿ ನಮ್ಮ ಅಂಗಿಯ ಮೇಲೆಲ್ಲ ಕೆಸರು ಹಾರಿಸಿದವು. ಆಮೇಲೆ ಅವನು ದೊಡ್ಡ ಗೇರಿನ ಪಕ್ಕದ ಗಿಡ್ಡ ಕೋಲನ್ನು ಎಳೆದ. ಮುಂದಿನ ಗಾಲಿಗಳೂ ತಿರುಗತೊಡಗಿ, ಮಣ್ಣು ಹಿಡಿದು, ಗಾಡಿ ನಿಧಾನಕ್ಕೆ ಎದ್ದು ಬಂತು. "ಹೀ ಧಾವತ ನಾಹೀ, ಚಾಲತೇ" ಅಂದ. ಇದು ಓಡುವುದಿಲ್ಲ, ನಡೆಯುತ್ತದೆ. ನಮಗೆ ಬೇಕಾದದ್ದೂ ಅದೇ. ಅಣ್ಣ ಮುಖ ಆ ಕಡೆ ತಿರುಗಿಸಿ ಕನ್ನಡಕ ಒರೆಸಿಕೊಂಡ.

ವ್ಯವಹಾರ ಮುಗಿದು ಹೊರಡಬೇಕು ಅನ್ನುವಾಗ ಮಾಲೀಕ ತಡೆದ. "ಆಈ ಚಢಣಾರ ಕಶೀ?" ತಾಯಿ ಹತ್ತುವುದು ಹೇಗೆ? ಜೀಪು ನೆಲದಿಂದ ಎತ್ತರ, ವಯಸ್ಸಾದವರ ಕಾಲು ಅಷ್ಟು ಏಳುವುದಿಲ್ಲ. ನಾವು ಬಾಯಿ ತೆರೆಯುವ ಮೊದಲೇ ವೆಲ್ಡಿಂಗಿನವನನ್ನು ಕೂಗಿ, ಎಡಗಡೆ ಸೀಟಿನ ಕೆಳಗೆ ಕಾಲಿಟ್ಟು ಹತ್ತಲು ಕಬ್ಬಿಣದ ಪಾವಟಿಗೆಯೊಂದನ್ನು ಬೆಸೆಯಲು ಹೇಳಿದ. ಮೇಲೆ ಹಿಡಿದುಕೊಳ್ಳಲು ಒಂದು ಹಿಡಿಕೆ. ಅದಕ್ಕೆ ದುಡ್ಡು ಮುಟ್ಟಲಿಲ್ಲ. ತಾಯಿಯ ಕೆಲಸ ಅಂದ. ಬೇಡ ಅನ್ನಲು ನಮಗೆ ಬಾಯಿ ಎಲ್ಲಿತ್ತು? ಕಿಡಿ ಹಾರುವುದನ್ನು ನೋಡುತ್ತ ಇಬ್ಬರೂ ಕಳ್ಳರ ಹಾಗೆ ನಿಂತಿದ್ದೆವು.

ಮನೆಯ ಮುಂದೆ ಜೀಪು ನಿಲ್ಲಿಸಿದಾಗ ಅವ್ವ ಆರತಿ ತಟ್ಟೆ ಹಿಡಿದು ಇಳಿದು ಬಂದಳು. ಅಣ್ಣನ ಬೆಲ್ಲದ ವ್ಯಾಪಾರಕ್ಕೆ ಅಂತ ಹೇಳಿದ್ದೆವು. ಮೂತಿಗೆ ವಿಭೂತಿ ಹಚ್ಚಿದಳು, ಗಾಲಿಗೆ ನಿಂಬೆಹಣ್ಣು ಇಟ್ಟಳು, ಕಾಯಿ ಒಡೆಸಿದಳು. ಆಮೇಲೆ ಒಂದು ಸುತ್ತು ಬಂದಳು. ಎಡಗಡೆ ಬಂದವಳು ಪಾವಟಿಗೆಯ ಮುಂದೆ ನಿಂತಳು. ಹೊಸ ಬೆಸುಗೆ ಇನ್ನೂ ಬೆಳ್ಳಗೆ ಹೊಳೆಯುತ್ತಿತ್ತು. ಬೆಲ್ಲದ ಪೆಂಟಿಗಳಿಗೆ ಪಾವಟಿಗೆ ಬೇಕಾಗುವುದಿಲ್ಲ ಅನ್ನುವುದು ಆಕೆಗೆ ಹೊಳೆಯಲು ಎಷ್ಟು ಹೊತ್ತು? ಆರತಿ ತಟ್ಟೆಯನ್ನು ನನ್ನ ಕೈಗೆ ಕೊಡುತ್ತ, ನೆರೆಯವರಿಗೆ ಕೇಳದ ಹಾಗೆ ಅಂದಳು: "ನನ್ನ ಹೆಣಾ ಒಯ್ಯಾಕ ತಂದ ಗಾಡಿಗೆ ಪಾವಟಿಗಿ ಯಾಕೋ ತಮ್ಮಾ?"

ಅಣ್ಣ ಬಗ್ಗಿ, ಇಲ್ಲದ ಕೆಲಸವೊಂದನ್ನು ಗಾಲಿಯ ಹತ್ತಿರ ಹುಡುಕಿಕೊಂಡ. ಅವ್ವನೇ ನಮ್ಮನ್ನು ಸಂಭಾಳಿಸಿದಳು. "ಅಂಜಬ್ಯಾಡ್ರಿ. ಮಾಡಬಾರದ್ದೇನ ಮಾಡಿಲ್ಲ ನೀವು. ಆದ್ರ ನಿಮ್ಮಪ್ಪ ಮಾದರಿ ನೋಡದ ಒಂದ ಚೀಲಾನೂ ಒಳಗ ಇಟ್ಟವರಲ್ಲ. ನಾನೂ ನೋಡಬೇಕು. ಶ್ರಾವಣದಾಗ, ಮಳಿ ಇದ್ದಾಗನ, ಇದರಾಗ ನನ್ನ ಕರ್ಕೊಂಡ ಹೋಗ್ರಿ. ಹೊಲಾ ಮುಟ್ಟತದೋ ಇಲ್ಲೋ ನನ್ನ ಕಣ್ಣಿಲೆ ನೋಡತೀನಿ."

ಅವಳ ಮಾತು ಅಕ್ಷರಶಃ ಸರಿ. ಚೀಲಕ್ಕೆ ಕಬ್ಬಿಣದ ಮೊನೆ ಚುಚ್ಚಿ, ಕಾಳನ್ನು ಅಂಗೈಗೆ ಸುರಿದುಕೊಂಡು, ಊದಿ, ಕಚ್ಚಿ ನೋಡಿದ ಮೇಲೆಯೇ ಅಪ್ಪ ಹೂಂ ಅನ್ನುತ್ತಿದ್ದ. ಆ ಮನೆಯಲ್ಲಿ ಬಾಳಿದವಳು ತನ್ನ ಕೊನೆಯ ಗಾಡಿಯನ್ನು ನೋಡದೆ ಒಪ್ಪುವಳೇ? ನನಗೆ ಸಿಟ್ಟೂ ಬಂತು, ನಗುವೂ ಬಂತು, ಒಳಗೆ ಹೋಗಿ ಬಚ್ಚಲಲ್ಲಿ ನಿಂತು ಅತ್ತೂ ಬಿಟ್ಟೆ.

ಜೀಪಿನ ಕೀಲಿಕೈಯನ್ನು ಅವ್ವ ತನ್ನ ದೇವರ ಜಗಲಿಯ ಮೊಳೆಗೆ ಸಿಕ್ಕಿಸಿದಳು. ಯಾರಿಗೆ ಗಾಡಿ ಬೇಕೋ ಅವರು ಅಲ್ಲಿಂದ ಒಯ್ಯಬೇಕು, ಸಂಜೆ ಅಲ್ಲಿಗೇ ತಂದಿಡಬೇಕು. ವಾರದ ದಿನಗಳಲ್ಲಿ ಅಣ್ಣನಿಗೆ ಕೇಡಗಾವದ ಕಡೆಯ ಗಾಣಗಳಿಗೆ ಹೋಗಿ ಬೆಲ್ಲ ನೋಡುವ ಕೆಲಸ. ಹೀಗಾಗಿ ದಿನಾ ಬೆಳಿಗ್ಗೆ ನಮ್ಮ ಮನೆಗೆ ಬರುವುದು, ದಿನಾ ಸಂಜೆ ಬರುವುದು. ಬಂದವನಿಗೆ ಚಹಾ, ಕೆಲವು ಸಲ ರೊಟ್ಟಿ. ಭಾನುವಾರ ಗಾಡಿ ನನ್ನದು. ಅವ್ವ ಸೆರಗು ಬಿಗಿದು, ಹಿಡಿಕೆ ಹಿಡಿದು, ಪಾವಟಿಗೆ ಹತ್ತಿ ಮುಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಮಾರ್ಕೆಟ್ ಯಾರ್ಡಿನ ಸುತ್ತ ಒಂದು ಸುತ್ತು ಹಾಕಿ ಬರುತ್ತಿದ್ದೆವು. ಬಜಾರಿನವರು ಕೈ ಮುಗಿದರೆ ಗತ್ತಿನಿಂದ ತಲೆಯಾಡಿಸುತ್ತಿದ್ದಳು. ಬೆನ್ನು ಉಳಿಯುವುದಿಲ್ಲ ಅಂದಿದ್ದನಲ್ಲ ಆ ಮಾಲೀಕ, ಅವನು ಒಮ್ಮೆ ಆಕೆಯನ್ನು ನೋಡಬೇಕಿತ್ತು.

ಶ್ರಾವಣ ಬಂತು. ಸೋಲಾಪುರದ ಹಾದಿ ಹಿಡಿದು ಹೊರಟೆವು. ನಾನು ಓಡಿಸುತ್ತಿದ್ದೆ, ಅಣ್ಣ ಹಿಂದೆ ಕೂತಿದ್ದ. ಜೀಪು ಏರಿನಲ್ಲಿ ತಿಣುಕುತ್ತಿತ್ತು. ಕ್ಯಾನ್ವಾಸಿನ ಸಂದಿಯಿಂದ ಮಳೆಯ ಹನಿ ಒಳಗೆ ಬರುತ್ತಿತ್ತು. ಅವ್ವನಿಗೆ ಶಾಲು ಹೊದಿಸಿ ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿದ್ದೆವು. ಊರಿನಲ್ಲಿ ದೊಡ್ಡಪ್ಪನ ಮಗನ ಮನೆಯಲ್ಲಿ ಉಳಿದು, ಮರುದಿನ ಬೆಳಿಗ್ಗೆ ಹೊಲದ ದಾರಿಗೆ ಬಂದೆವು.

ಡಾಂಬರು ಮುಗಿಯುವ ಆ ಜಾಗ. ಅಪ್ಪ ಕೂತಿದ್ದ ಜಾಗ. ನಾನು ಗಿಡ್ಡ ಕೋಲನ್ನು ಎಳೆದೆ. ಅದು ಕಟ್ ಅಂತ ಸದ್ದು ಮಾಡಿ ಕೂತಿತು. ಜೀಪನ್ನು ಕೆಸರಿಗೆ ಇಳಿಸಿದೆ. ಸ್ವಲ್ಪ ದೂರ ಹೋಯಿತು. ಆಮೇಲೆ ಹಿಂಭಾಗ ಹೂತುಹೋಗತೊಡಗಿತು. ಎಷ್ಟು ಒತ್ತಿದರೂ ಹಿಂದಿನ ಗಾಲಿಗಳು ತಿರುಗುತ್ತ ತಿರುಗುತ್ತ ಗುಂಡಿ ತೋಡಿಕೊಂಡವು. ಇಳಿದು ಮುಂದೆ ಬಂದು ನೋಡಿದರೆ ಮುಂದಿನ ಗಾಲಿಗಳು ಅಲುಗಿಯೇ ಇಲ್ಲ. ಬಗ್ಗಿ ಕೆಳಗೆ ನೋಡಿದೆ. ಮುಂದಿನ ಗಾಲಿಗಳಿಗೆ ಎಂಜಿನ್ನಿನ ಬಲ ಒಯ್ಯುವ ಉದ್ದನೆಯ ಕಬ್ಬಿಣದ ದಂಡ, ಶಾಫ್ಟು, ಇರಬೇಕಾದ ಕಡೆ ಏನೂ ಇರಲಿಲ್ಲ. ಬೋಳು ತುದಿಗೆ ಗೋಣಿಚೀಲದ ಚಿಂದಿ ಸುತ್ತಿ ಅಚ್ಚುಕಟ್ಟಾಗಿ ಕಟ್ಟಿತ್ತು. ಆ ಗಂಟು ನನಗೆ ಗೊತ್ತು. ಬೆಲ್ಲದ ಅಂಗಡಿಯ ಗಂಟು.

"ಶಾಫ್ಟ್ ಎಲ್ಲ್ಯದ?" ಅಂದೆ.

ಅಣ್ಣ ತಣ್ಣಗೆ ಹೇಳಿದ, "ತಗಸೀನಿ. ಡಾಂಬರ ಮ್ಯಾಲ ಅದು ಸುಮ್ನ ತಿರುಗತದ, ಡೀಸೆಲ್ ತಿಂತದ. ಎಲ್ಲಾರೂ ತಗಸತಾರ. ಅಂಗಡ್ಯಾಗ ಎಣ್ಣಿ ಹಚ್ಚಿ ಕಟ್ಟಿ ಇಟ್ಟೀನಿ, ಎಲ್ಲಿ ಹೋಗೂದಿಲ್ಲ." ಆಮೇಲೆ ತಾನು ಹೇಳಿದ್ದು ತನಗೇ ಕೇಳಿಸಿತು. ಅವನ ಮುಖ ಬಿಳಿಚಿತು.

ಇಡೀ ಜೀಪನ್ನು ಕೊಂಡದ್ದು ಆ ಒಂದು ದಂಡಕ್ಕಾಗಿ. ಅದು ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ಪೆಂಟಿಗಳ ಪಕ್ಕದಲ್ಲಿ ಭದ್ರವಾಗಿ ಕೂತಿತ್ತು. ಉಳಿತಾಯದ ಬುದ್ಧಿ ನಮ್ಮ ರಕ್ತದಲ್ಲೇ ಇದೆ. ಬಳಸದ ಬಲ್ಬು ಕಳಚಿಡುವ, ಹರಿದ ಚೀಲದ ಹುರಿ ಬಿಚ್ಚಿಡುವ ಮನೆತನ. ಅವನು ಕೆಟ್ಟದ್ದು ಮಾಡಬೇಕೆಂದು ಮಾಡಿರಲಿಲ್ಲ. ಈಗ ಇದನ್ನು ಸಮಾಧಾನದಿಂದ ಬರೆಯುತ್ತೇನೆ. ಅಂದು ಆ ಕೆಸರಿನಲ್ಲಿ ನಿಂತು, ವರ್ಷಗಟ್ಟಲೆ ಆಡದ ಮಾತನ್ನೆಲ್ಲ ಆಡಿದೆ. "ಅವ್ವನ್ನ ಸುದ್ದಾ ಬೆಲ್ಲದ ಲೆಕ್ಕದಾಗ ಹಿಡದಿ ನೀ!" ಅಂದೆ. "ಡೀಸೆಲ್ ಹಾಕಾವ ನಾನು! ನೀ ಐತವಾರಕ್ಕೊಮ್ಮೆ ಮೆರವಣಿಗಿ ಮಾಡಾವ!" ಅಂದ. ಅಪ್ಪನ ಆಸ್ಪತ್ರೆ, ಬೇರೆಯಾದ ದಿನ, ಯಾರ ಹೆಂಡತಿ ಏನಂದಳು, ಎಲ್ಲ ಹೊರಗೆ ಬಂತು. ಮಳೆ ಹನಿಯುತ್ತಿತ್ತು, ನಾವು ಒದರುತ್ತಿದ್ದೆವು.

"ಮುಗೀತೇನು?" ಅಂದಳು ಅವ್ವ.

ಅವಳು ಆಗಲೇ ಒಂದು ಕಾಲು ಪಾವಟಿಗೆಯ ಮೇಲೆ ಇಟ್ಟಿದ್ದಳು. ಚಪ್ಪಲಿಯನ್ನು ಜೀಪಿನಲ್ಲೇ ಬಿಟ್ಟು, ಹಿಡಿಕೆ ಹಿಡಿದು ನಿಧಾನವಾಗಿ ಇಳಿದಳು. ಪಾದ ಕೆಸರಿನಲ್ಲಿ ಮುಳುಗಿತು. ನಾವಿಬ್ಬರೂ ಓಡಿದೆವು. "ಡಾಕ್ಟರು ಏನ ಹೇಳ್ಯಾರವ್ವ" ಅಂದೆ. "ಡಾಕ್ಟರಗ ಹೊಲಾ ಇಲ್ಲ" ಅಂದಳು. ಒಂದು ಕಡೆ ಅಣ್ಣ, ಒಂದು ಕಡೆ ನಾನು. ಎರೆಮಣ್ಣು ಹೆಜ್ಜೆಗೊಮ್ಮೆ ಕಾಲಿಗೆ ಮೆತ್ತಿ ಭಾರವಾಗುತ್ತಿತ್ತು. ನಿಂತು, ಕಡ್ಡಿಯಿಂದ ಕೆರೆದು, ಮತ್ತೆ ನಡೆದೆವು. ಬದುವಿನ ಕಲ್ಲಿನ ಮೇಲೆ ಕೂಡಿಸಿದೆವು. ಅವಳ ಉಸಿರಿನ ಸದ್ದು ನನಗೆ ಮಳೆಗಿಂತ ಜೋರಾಗಿ ಕೇಳುತ್ತಿತ್ತು. ಇವಳು ಇಲ್ಲೇ ಹೋದರೆ? ಅಣ್ಣನಿಗೂ ಅದೇ ಹೆದರಿಕೆ. ಅವ್ವನ ಬೆನ್ನ ಹಿಂದೆ ಅವನ ಕೈ ನನ್ನ ಕೈಗೆ ತಾಗಿತು. ಅವನು ಬಿಡಲಿಲ್ಲ, ನಾನೂ ಬಿಡಲಿಲ್ಲ.

ಗದ್ದುಗೆ ಮುಟ್ಟಿದ ಮೇಲೆ ಅವ್ವ ನಮ್ಮನ್ನು ದೂರ ಕಳಿಸಿದಳು. ಬೇವಿನ ಗಿಡದ ಕೆಳಗೆ ನಿಂತು ನೋಡಿದೆವು. ಕಲ್ಲಿನ ಮೇಲಿನ ಹುಲ್ಲು ಕಿತ್ತಳು, ತಂದ ಪತ್ರಿ ಇಟ್ಟಳು. ಪಕ್ಕದಲ್ಲಿ ಕೂತು ಮಾತಾಡತೊಡಗಿದಳು. ಅಂಗಡಿಯಿಂದ ಬಂದ ಗಂಡನಿಗೆ ದಿನದ ಸುದ್ದಿ ಹೇಳುವ ಧಾಟಿಯಲ್ಲೇ, ಕೈ ಆಡಿಸುತ್ತ, ನಡುವೆ ತಡೆದು ಉತ್ತರಕ್ಕೆ ಕಾಯುತ್ತ. ಒಂದು ಅಕ್ಷರವೂ ನಮಗೆ ಕೇಳಲಿಲ್ಲ.

ದೊಡ್ಡಪ್ಪನ ಮಗ ಎತ್ತು ತಂದು ಜೀಪನ್ನು ಎಳೆಸಿದ. ತಿರುಗಿ ಬರುವಾಗ ಬಿಜಾಪುರ ದಾಟಿದ ಮೇಲೆ ಅವ್ವ ಹೇಳಿದಳು, "ನನ್ನ ಆ ಹೊಲಕ್ಕ ಒಯ್ಯಬ್ಯಾಡ್ರಿ. ಪುಣೇದಾಗ ನಮ್ಮವರ ರುದ್ರಭೂಮಿ ಅದ, ಅಲ್ಲೇ ಇಡ್ರಿ."

ಯಾಕೆ ಅಂತ ಕೇಳುವ ಮುಖ ನಮಗಿರಲಿಲ್ಲ. ಮಾದರಿ ನೋಡಿದಳು, ಮಾಲು ಸರಿ ಇಲ್ಲ ಅಂತ ತಿರುಗಿ ಕಳಿಸಿದಳು, ಅಷ್ಟೇ ಅಂದುಕೊಂಡೆ. ಜೀಪನ್ನಲ್ಲ, ನಮ್ಮನ್ನು. ಪುಣೆ ಮುಟ್ಟಿದ ಮರುದಿನವೇ ಅಣ್ಣ ಅಂಗಡಿಯ ಬಾಗಿಲು ತೆರೆಯುವ ಮೊದಲು ಗ್ಯಾರೇಜಿಗೆ ಹೋಗಿ ಶಾಫ್ಟು ಕೂರಿಸಿಕೊಂಡು ಬಂದ. ಅಲ್ಲಿಂದ ಮುಂದೆ ಡೀಸೆಲ್ ಎಷ್ಟು ತಿಂದರೂ ತೆಗೆಸಲಿಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಇಬ್ಬರೂ ದೇಹೂ ರೋಡಿನ ಅದೇ ರಾಡಿಗೆ ಹೋಗಿ ಕೋಲು ಎಳೆದು ನೋಡಿ ಬರುತ್ತಿದ್ದೆವು. ಅದು ನಡೆಯುತ್ತಿತ್ತು. ಮನೆಗೆ ಬಂದು ಅವ್ವನಿಗೆ ಹೇಳುತ್ತಿದ್ದೆವು, "ನಾಕೂ ಗಾಲಿ ಎಳೀತಾವವ್ವ." ಆಕೆ ನಗುತ್ತ ಕೀಲಿಕೈಗೆ ಕೈ ಚಾಚುತ್ತಿದ್ದಳು. ಹೂಂ ಅನ್ನುತ್ತಿರಲಿಲ್ಲ.

ಡಾಕ್ಟರರ ಲೆಕ್ಕವನ್ನೆಲ್ಲ ಸುಳ್ಳು ಮಾಡಿ ಅವ್ವ ಇನ್ನೂ ಹಲವು ಮಳೆಗಾಲ ಕಂಡಳು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಆ ಆಷಾಢದಲ್ಲಿ ಆಸ್ಪತ್ರೆ ಸೇರಿದವಳು ಏಳುವುದಿಲ್ಲ ಅಂತ ನಮಗೂ ತಿಳಿಯಿತು, ಆಕೆಗೂ ತಿಳಿದಿತ್ತು. ಹೊರಗೆ ಮುಗಿಲು ಹರಿದು ಬಿದ್ದ ಮಳೆ. ಮಧ್ಯಾಹ್ನ ಅಣ್ಣ ಆಕೆಯ ಪಾದದ ಹತ್ತಿರ ನಿಂತು, ಎಂದೂ ಅಷ್ಟು ಮಾತಾಡದವನು, ತಡವರಿಸುತ್ತ ಬೇಡಿಕೊಂಡ. "ಅವ್ವಾ, ಶಾಫ್ಟ್ ಅದ. ಮೊನ್ನೆನ ನೋಡಿ ಬಂದೀವಿ. ಈ ಸಲ ಹಾದ್ಯಾಗ ಕುಂದ್ರಸೂದಿಲ್ಲ. ಅಪ್ಪನ ಕಡೇನ ಒಯ್ತೀವಿ, ಹೂಂ ಅನ್ನು."

ಅವ್ವ ಆಮ್ಲಜನಕದ ನಳಿಗೆ ಸರಿಸಿದಳು.

"ಹಾದಿ ಸಲುವಾಗಿ ಅಲ್ಲೋ ಹುಚ್ಚಪ್ಪ. ಆವತ್ತ ನಿಮ್ಮಪ್ಪಗ ಹೇಳೇ ಬಂದೀನಿ." ಉಸಿರಿಗಾಗಿ ನಿಂತಳು. "ಅವರು ಒಬ್ಬರ ಇರಾಕ ಕಲ್ತಾರ. ನೀವಿಬ್ಬರೂ ಕೂಡಿ ಇರಾಕ ಇನ್ನೂ ಕಲ್ತಿಲ್ಲ. ನಾ ಇಲ್ಲೇ ಇದ್ರ ನನ್ನ ನೋಡಾಕ ಒಂದ ಗಾಡ್ಯಾಗ ಬರ್ತೀರಿ."

ಅಣ್ಣ ಮಂಚದ ಸರಳು ಹಿಡಿದುಕೊಂಡು ಕೂಸಿನ ಹಾಗೆ ಅತ್ತ. ನಾನು ಕಿಟಕಿಯ ಕಡೆ ತಿರುಗಿದೆ. ಆ ಕೆಸರಿನಲ್ಲಿ ನಾವು ಒದರಾಡಿದ್ದನ್ನು ಆಕೆ ಗದ್ದುಗೆಯ ಮುಂದೆ ಕೂತು ಅಪ್ಪನಿಗೆ ಒಪ್ಪಿಸಿದ್ದಳು. ಕೈ ಆಡಿಸುತ್ತ ಹೇಳಿದ್ದು ನಮ್ಮ ಸುದ್ದಿ. ತಡೆದು ತಡೆದು ಕಾಯುತ್ತಿದ್ದದ್ದು ಅವನ ಅಪ್ಪಣೆಗೆ.

ಅವ್ವನನ್ನು ಜೀಪಿನಲ್ಲೇ ಒಯ್ದೆವು. ಆಕೆಗೆಂದೇ ತಂದದ್ದು ಅದು, ಬೇರೆ ಗಾಡಿ ಕರೆಯಲು ಅಣ್ಣ ಬಿಡಲಿಲ್ಲ. ಪುಣೆಯ ನಮ್ಮವರ ರುದ್ರಭೂಮಿಯ ಬಾಗಿಲಿನ ತನಕ ಡಾಂಬರು. ಮಳೆಯಲ್ಲಿ ತೊಳೆದು ಸ್ವಚ್ಛವಾಗಿದ್ದ ರಸ್ತೆಯಲ್ಲಿ, ಸಿಗ್ನಲ್ಲುಗಳಲ್ಲಿ ನಿಂತು ನಿಂತು, ಜೀಪು ನಿಧಾನಕ್ಕೆ ಹೋಯಿತು. ನಾನು ಓಡಿಸಿದೆ. ಅಣ್ಣ ಹಿಂದೆ ಆಕೆಯನ್ನು ಆನಿಸಿಕೊಂಡು ಕೂತಿದ್ದ. ಗಿಡ್ಡ ಕೋಲನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ. ಹಾದಿಯಲ್ಲಿ ಎಲ್ಲೂ ಆಕೆಯನ್ನು ಕಾಯಿಸಲಿಲ್ಲ.

ಕೀಲಿಕೈ ಈಗಲೂ ಅದೇ ಮೊಳೆಗಿದೆ. ಅಮಾವಾಸ್ಯೆಗೊಮ್ಮೆ ಅಣ್ಣ ಬರುತ್ತಾನೆ, ಚಹಾ ಕುಡಿಯುತ್ತಾನೆ, ಇಬ್ಬರೂ ಅವ್ವನ ಗದ್ದುಗೆಗೆ ಹೋಗಿ ಬರುತ್ತೇವೆ. ಈ ಮುದಿ ಜೀಪನ್ನು ಮಾರಿಬಿಡಿ ಅನ್ನುತ್ತಾರೆ ಎಲ್ಲರೂ. ಡೀಸೆಲ್ ಲೆಕ್ಕ ಹಾಕಿದರೆ ಮಾರಬೇಕಾದದ್ದೇ. ಅಣ್ಣ ಆ ಲೆಕ್ಕ ಹಾಕುವುದಿಲ್ಲ. ಅವನಿಗೆ ಮೊಣಕಾಲು ನೋವು ಶುರುವಾಗಿದೆ, ಕಾಲು ಮೇಲಕ್ಕೆ ಏಳುವುದಿಲ್ಲ. ಎಡಗಡೆಗೆ ಬಂದು, ಹಿಡಿಕೆ ಹಿಡಿದು, ಅವ್ವನ ಪಾವಟಿಗೆಯ ಮೇಲೆ ಕಾಲಿಟ್ಟು ಹತ್ತುತ್ತಾನೆ. ಅವನು ಸರಿಯಾಗಿ ಕೂತ ಮೇಲೆ ನಾನು ಗಾಡಿ ಶುರು ಮಾಡುತ್ತೇನೆ.